ವಂಶವಾಹಿ ದೋಷವಿದ್ದರೂ ದೇಹ ಕೆಡದಿರುವುದೇಕೆ?

ಬೆಂಗಳೂರು: 'ಜಿನೋಮ್ ಇಂಡಿಯಾ' ಯೋಜನೆಯಡಿ ಕಲೆಹಾಕಿದ 10,000 ಭಾರತೀಯರ ವಂಶವಾಹಿ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರ ಬಳಕೆಗೆ ಬಿಡುಗಡೆಯಾಯಿತು. ಯೋಜನೆಯ ಸಮನ್ವಯದ ಹೊಣೆ ಹೊತ್ತದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ. ವ್ಯತ್ಯಾಸಗಳ ಪಟ್ಟಿಯೇನೋ ಸಿದ್ಧವಾಗಿದೆ. ಆದರೆ ವ್ಯತ್ಯಾಸವಿದ್ದ ಮಾತ್ರಕ್ಕೆ ರೋಗ ಬರುತ್ತದೆಯೇ?

ಬರಲೇಬೇಕೆಂದಿಲ್ಲ. ಆರೋಗ್ಯವಂತ ವ್ಯಕ್ತಿಯಲ್ಲೂ ಸುಮಾರು 20 ವಂಶವಾಹಿಗಳು ಸಂಪೂರ್ಣ ನಿಷ್ಕ್ರಿಯವಾಗಿರುತ್ತವೆ ಎಂದು 2012ರ ಅಂತರರಾಷ್ಟ್ರೀಯ ಅಧ್ಯಯನವೊಂದು ತೋರಿಸಿತ್ತು. ಸುಮಾರು 6,000 ವಂಶವಾಹಿಗಳುಳ್ಳ ಯೀಸ್ಟ್‌ನಲ್ಲಿ ಅವುಗಳನ್ನು ಒಂದೊಂದಾಗಿ ತೆಗೆದು ನೋಡಿದಾಗ, ಪೌಷ್ಟಿಕ ಆಹಾರವಿರುವ ಸ್ಥಿತಿಯಲ್ಲಿ ಐದರಲ್ಲಿ ಒಂದು ಪಾಲಿನಷ್ಟು ಮಾತ್ರ ಬದುಕಿಗೆ ಅನಿವಾರ್ಯ ಎಂಬುದು ಕಂಡುಬಂತು.

ಇದಕ್ಕೆ ಮುಖ್ಯ ಕಾರಣ ಪ್ರೋಟೀನುಗಳ ಪರಸ್ಪರ ಸಂಬಂಧದ ಜಾಲ. ಜೀವಕೋಶದಲ್ಲಿ ಯಾವ ಪ್ರೋಟೀನೂ ಒಂಟಿಯಾಗಿ ದುಡಿಯುವುದಿಲ್ಲ. ಒಂದು ಸೋತರೆ ಅದನ್ನೇ ಹೋಲುವ ಇನ್ನೊಂದು ಆ ಕೆಲಸಕ್ಕೆ ಹೆಗಲು ಕೊಡಬಹುದು, ಇಲ್ಲವೇ ಬೇರೆ ಮಾರ್ಗದಲ್ಲಿ ಕಾರ್ಯ ಸಾಗಬಹುದು.

ನೊಣ ಕಲಿಸಿದ ಪಾಠ

ಇತರ ಪ್ರೋಟೀನುಗಳು ಸರಿಯಾದ ಆಕಾರ ತಳೆಯಲು ನೆರವಾಗುವ 'ಎಚ್‌ಎಸ್‌ಪಿ 90' ಎಂಬ ಪ್ರೋಟೀನು ಈ ಜಾಲದ ಪ್ರಮುಖ ಕೊಂಡಿ. ಹಣ್ಣಿನ ನೊಣಗಳಲ್ಲಿ ಇದನ್ನು ದುರ್ಬಲಗೊಳಿಸಿದಾಗ ಕಣ್ಣು, ರೆಕ್ಕೆ, ಕಾಲುಗಳಲ್ಲಿ ವಿಕಾರಗಳು ಕಾಣಿಸಿಕೊಂಡವು. ಅವುಗಳಿಗೆ ಕಾರಣವಾದ ವ್ಯತ್ಯಾಸಗಳು ಆ ನೊಣಗಳಲ್ಲಿ ಮೊದಲೇ ಅಡಗಿದ್ದವು ಎಂದು ಸುಜಾನ್ ರುದರ್‌ಫೋರ್ಡ್ ಮತ್ತು ಸೂಸನ್ ಲಿಂಡ್‌ಕ್ವಿಸ್ಟ್ 1998ರಲ್ಲಿ ತೀರ್ಮಾನಿಸಿದರು. ಅಂದರೆ, ಜಾಲ ದೋಷವನ್ನು ಅಳಿಸುವುದಿಲ್ಲ, ಮರೆಮಾಡುತ್ತದೆ.

ಎರಡು ಅಲಗಿನ ಕತ್ತಿ

ಇದೇ ರಕ್ಷಣೆ ಕ್ಯಾನ್ಸರ್ ಕೋಶಕ್ಕೂ ಆಸರೆ. ಬಿಆರ್‌ಸಿಎ ವಂಶವಾಹಿ ಕೆಟ್ಟ ಕೋಶದಲ್ಲಿ ಡಿಎನ್‌ಎ ದುರಸ್ತಿಯ ಒಂದು ದಾರಿ ಮುಚ್ಚಿರುತ್ತದೆ. ಅದು 'ಪಾರ್ಪ್' ಪ್ರೋಟೀನಿನ ನೆರವಿನಿಂದ ಉಸಿರು ಹಿಡಿದಿರುತ್ತದೆ. ಆ ನೆರವನ್ನೂ ತಡೆದರೆ ಕೋಶ ಸಾಯುತ್ತದೆ ಎಂಬುದು 2005ರಲ್ಲಿ ಪ್ರಯೋಗಾಲಯದಲ್ಲಿ ರುಜುವಾತಾಯಿತು. ಇದೇ ತತ್ವದ ಔಷಧ 'ಒಲಾಪರಿಬ್' ಅಂಡಾಶಯದ ಕ್ಯಾನ್ಸರ್ ಚಿಕಿತ್ಸೆಗಾಗಿ 2014ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು.

ವಂಶವಾಹಿ ಪರೀಕ್ಷೆಗೆ ಮುಂದಾಗುವ ನಗರವಾಸಿಗಳು ಗಮನಿಸಬೇಕಾದದ್ದು ಇಲ್ಲಿದೆ. ಬಿಆರ್‌ಸಿಎಯಂತಹ ಕೆಲವು ದೋಷಗಳು ನಿಜಕ್ಕೂ ಅಪಾಯವನ್ನು ಹೆಚ್ಚಿಸುತ್ತವೆ. ಅನೇಕ ವ್ಯತ್ಯಾಸಗಳು ಜೀವನವಿಡೀ ಮೌನವಾಗಿರುತ್ತವೆ. ಯಾವುದು ಯಾವ ಬಗೆಯದು ಎಂಬುದನ್ನು ಪಟ್ಟಿಯೊಂದೇ ಹೇಳಲಾರದು. ಕುಟುಂಬದ ರೋಗಚರಿತ್ರೆ ಬಲ್ಲ ತಜ್ಞರ ಸಲಹೆಯಿಲ್ಲದೆ ವರದಿಯನ್ನು ಹಣೆಬರಹವೆಂದು ಓದಿಕೊಂಡರೆ, ಇಲ್ಲದ ರೋಗಕ್ಕೆ ಹೆದರುವ, ಇರುವ ಅಪಾಯವನ್ನು ಕಡೆಗಣಿಸುವ ಎರಡೂ ತಪ್ಪುಗಳು ಆಗಬಹುದು.