ನೋಯದ ಹಲ್ಲಿನ ಆರೈಕೆ

‘ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ’ ಎಂಬ ಗಾದೆಯ ಕಾಲ ಹಿಂದಾಯಿತು. ಕಡಲೆಯಂತೆ ಹಲ್ಲನ್ನೂ ಹಣ ತೆತ್ತು ಪಡೆಯಬಹುದಾದ ಕಾಲವಿದು. ಮೂರು ವರ್ಷಗಳ ಹಿಂದೆ ನಮ್ಮ ತಂದೆಯವರು ಹಾಗೆ ಎರಡು ಹಲ್ಲುಗಳನ್ನು ಪಡೆದರು. ದವಡೆಯ ಮೂಳೆಯಲ್ಲಿ ಟೈಟಾನಿಯಂ ಲೋಹದ ಚಿಕ್ಕ ತಿರುಪನ್ನು ಕೂರಿಸಿ, ಮೂಳೆ ಅದನ್ನು ಬಿಗಿಯಾಗಿ ಅಪ್ಪಿಕೊಳ್ಳುವವರೆಗೆ ಕೆಲವು ತಿಂಗಳು ಕಾದು, ಬಳಿಕ ಅದರ ಮೇಲೆ ಕೃತಕ ಹಲ್ಲನ್ನು ತೊಡಿಸುವ ಈ ವಿಧಾನಕ್ಕೆ ಇಂಪ್ಲಾಂಟ್ ಎಂದು ಹೆಸರು. ಆ ವರ್ಷದ ದೀಪಾವಳಿಯಂದು ತಂದೆಯವರು ಕೋಡುಬಳೆಯನ್ನು ಕಟಕಟನೆ ಕಡಿದು, “ಇನ್ನು ಈ ಹಲ್ಲಿಗೆ ಹುಳುಕಿನ ಭಯವಿಲ್ಲ. ನನ್ನ ಕೊನೆಯವರೆಗೂ ಇರುವ ಹಲ್ಲು ಇದು” ಎಂದಾಗ ಮನೆಯವರೆಲ್ಲರೂ ಸಂತೋಷಪಟ್ಟೆವು.

ಲೋಹಕ್ಕೆ ಹುಳುಕು ಹಿಡಿಯದೆಂಬುದು ನಿಜ. ಆದರೆ ಆ ಒಂದು ನಿಜವನ್ನೇ ನಂಬಿ ನಾವು ಮೋಸಹೋದೆವು. ತಂದೆಯವರು ತೋರುಬೆರಳಿನಿಂದ ಇದ್ದಿಲಪುಡಿ ತಿಕ್ಕುವ ಹಳೆಯ ಅಭ್ಯಾಸವನ್ನು ಬಿಡಲಿಲ್ಲ. ಆರು ತಿಂಗಳಿಗೊಮ್ಮೆ ಅವರನ್ನು ಕರೆತರಬೇಕೆಂದು ದಂತವೈದ್ಯರು ಹೇಳಿದ್ದರೂ, ನಾನು ಉತ್ತರಪತ್ರಿಕೆಗಳ ನೆಪದಿಂದ ಅದನ್ನು ಮುಂದೂಡುತ್ತಲೇ ಹೋದೆ. ಕೊನೆಗೊಂದು ಬೆಳಗ್ಗೆ, ಬಾಯಿ ಮುಕ್ಕಳಿಸಿದ ನೀರಿನಲ್ಲಿ ರಕ್ತ ಕಂಡದ್ದು ನಮ್ಮ ತಾಯಿಯವರ ಕಣ್ಣಿಗೆ.

ವೈದ್ಯರು ಎಕ್ಸ್‌ರೇ ತೆಗೆದು ನೋಡಿದರು. ಒಂದು ಹಲ್ಲಿನ ಸುತ್ತ ವಸಡು ಮಾತ್ರ ಊದಿಕೊಂಡಿತ್ತು. ಇನ್ನೊಂದರ ಸುತ್ತ ಮೂಳೆಯೇ ಸವೆದಿತ್ತು.

“ಒಂದು ದಿನವೂ ನೋಯಲಿಲ್ಲವಲ್ಲ, ಡಾಕ್ಟರೇ!” ಎಂದರು ತಂದೆಯವರು.

“ನೋಯದಿರುವುದೇ ಇದರ ಅಪಾಯ, ಯಜಮಾನರೇ” ಎಂದರು ವೈದ್ಯರು.

ಅವರು ವಿವರಿಸಿದ್ದು ಇಷ್ಟು. ಹುಟ್ಟುಹಲ್ಲಿಗೂ ಮೂಳೆಗೂ ನಡುವೆ ಸೂಕ್ಷ್ಮವಾದ ನಾರುಗಳ ಪದರವೊಂದಿದೆ. ಅದರಲ್ಲಿ ರಕ್ತನಾಳಗಳಿವೆ, ನರಗಳಿವೆ. ವಸಡಿನ ನಾರುಗಳೂ ಹಲ್ಲಿನ ಬೇರಿನೊಳಕ್ಕೆ ನಾಟಿಕೊಂಡು, ರೋಗಾಣುಗಳಿಗೆ ಅಡ್ಡಗೋಡೆಯಾಗಿ ನಿಲ್ಲುತ್ತವೆ. ಇಂಪ್ಲಾಂಟಿಗೆ ಈ ಪದರವಿಲ್ಲ; ವಸಡು ಅದರ ಸುತ್ತ ಕೊರಳಪಟ್ಟಿಯಂತೆ ಸುಮ್ಮನೆ ಒರಗಿರುತ್ತದೆ. ಆದುದರಿಂದ ಅಲ್ಲಿ ಕಟ್ಟಿದ ಪಾಚಿಯಿಂದ ಉಂಟಾದ ಸೋಂಕು ಬೇಗನೆ ಕೆಳಕ್ಕಿಳಿಯಬಲ್ಲುದು. ಅನೇಕ ವೇಳೆ ನೋವಿನ ಸುಳಿವೂ ಇರುವುದಿಲ್ಲ. ವಸಡಿನ ಉರಿಯೂತದ ಹಂತದಲ್ಲಿಯೇ ಶುಚಿಗೊಳಿಸಿದರೆ ಅದು ಗುಣವಾಗುತ್ತದೆ. ಮೂಳೆ ಸವೆದ ಮೇಲೆ ಅದನ್ನು ಮರಳಿ ಪಡೆಯುವುದು ಕಷ್ಟ.

ಹಾಗಾದರೆ ಮಾಡಬೇಕಾದುದೇನು? ಮೃದುವಾದ ಬ್ರಷ್ಷಿನಿಂದ ಬೆಳಗ್ಗೆಯೂ ರಾತ್ರಿ ಮಲಗುವ ಮುನ್ನವೂ ಎರಡೆರಡು ನಿಮಿಷ, ವಸಡಿನ ಅಂಚನ್ನು ಮುಟ್ಟುವಂತೆ ಉಜ್ಜಬೇಕು. ನಾಲಗೆಯ ಕಡೆಯ ಬದಿಯನ್ನು ಮರೆಯಬಾರದು. ಸಂದಿಗಳನ್ನು ದಿನಕ್ಕೊಮ್ಮೆ ಫ್ಲಾಸ್ ದಾರದಿಂದಲೋ ಸಂದಿಗೆಂದೇ ಮಾಡಿದ ಪುಟ್ಟ ಬ್ರಷ್ಷಿನಿಂದಲೋ ಶುಚಿಮಾಡಬೇಕು. ಆ ಬ್ರಷ್ಷಿನ ತಂತಿಗೆ ಪ್ಲಾಸ್ಟಿಕ್ಕಿನ ಹೊದಿಕೆ ಇರಬೇಕು. ಬರಿಯ ತಂತಿ, ಗುಂಡುಸೂಜಿ, ಇದ್ದಿಲು, ಹರಳುಪ್ಪು ಇವು ಗೀರು ಮೂಡಿಸುತ್ತವೆ; ಗೀರಿನಲ್ಲಿ ಪಾಚಿ ಮನೆಮಾಡುತ್ತದೆ. ಧೂಮಪಾನವನ್ನು ಬಿಡಬೇಕು, ಮಧುಮೇಹವಿದ್ದವರು ಅದನ್ನು ಹತೋಟಿಯಲ್ಲಿಡಬೇಕು. ನಿದ್ರೆಯಲ್ಲಿ ಹಲ್ಲು ಕಡಿಯುವವರು ವೈದ್ಯರಿಗೆ ತಿಳಿಸಿ ರಾತ್ರಿಯ ಕವಚ ಮಾಡಿಸಿಕೊಳ್ಳಬೇಕು. ವೈದ್ಯರು ಹೇಳಿದ ಅವಧಿಗೆ ತಪ್ಪದೆ ಹೋಗಬೇಕು. ರಕ್ತ, ಊತ, ಕೀವು, ಅಲುಗಾಟ ಇವುಗಳಲ್ಲಿ ಯಾವುದೊಂದು ಕಂಡರೂ ಆ ಅವಧಿಗಾಗಿ ಕಾಯಬಾರದು.

ಇಷ್ಟು ಶ್ರಮಕ್ಕೆ ಫಲವುಂಟೆ ಎಂದು ಕೇಳುವವರಿಗೆ ಒಂದು ಮಾತು. 1965ರಲ್ಲಿ ಸ್ವೀಡನ್ನಿನ ವಿಜ್ಞಾನಿ ಬ್ರಾನೆಮಾರ್ಕ್ ಅವರು ಟೈಟಾನಿಯಂ ಇಂಪ್ಲಾಂಟನ್ನು ಮೊತ್ತಮೊದಲು ಅಳವಡಿಸಿದ್ದು ಲಾರ್ಸನ್ ಎಂಬವರ ದವಡೆಗೆ. ಆ ಹಲ್ಲುಗಳು 2006ರಲ್ಲಿ ಅವರು ತೀರಿಕೊಳ್ಳುವವರೆಗೂ, ನಾಲ್ಕು ದಶಕಗಳ ಕಾಲ, ಅವರ ಬಾಯಲ್ಲಿ ಕೆಲಸ ಮಾಡಿದವು.

ನಮ್ಮ ತಂದೆಯವರ ಒಂದು ಹಲ್ಲು ಈಗ ಗುಣವಾಗಿದೆ. ಇನ್ನೊಂದಕ್ಕೆ ವಸಡನ್ನು ಬಿಡಿಸಿ ಶುಚಿಗೊಳಿಸುವ ಶಸ್ತ್ರಚಿಕಿತ್ಸೆಯಾಗಿದೆ. ಅದು ಉಳಿಯುವುದೆಂದು ವೈದ್ಯರು ಇನ್ನೂ ಮಾತು ಕೊಟ್ಟಿಲ್ಲ. ತಂದೆಯವರ ಕೈ ನಡುಗುತ್ತದೆ, ಕಣ್ಣು ಮಂದ. ಈ ಸಂಗತಿ ಮನೆಯಲ್ಲೇ ಇದ್ದ ನನಗೆ ಮೂರು ವರ್ಷ ಹೊಳೆಯಲಿಲ್ಲ. ಹಲ್ಲು ಕಟ್ಟಿಸಿ ಹಣ ಕೊಟ್ಟೊಡನೆ ಮಗನ ಕರ್ತವ್ಯ ಮುಗಿಯಿತೆಂದು ತಿಳಿದಿದ್ದೆ. ಈಗ ರಾತ್ರಿ ಊಟವಾದ ಮೇಲೆ ಅವರು ಪುಟ್ಟ ಬ್ರಷ್ಷು ಹಿಡಿದು ಕೂರುತ್ತಾರೆ, ನಾನು ಕನ್ನಡಿ ಹಿಡಿದು ನಿಲ್ಲುತ್ತೇನೆ. “ಇನ್ನೂ ಸ್ವಲ್ಪ ಒಳಗೆ, ಅಪ್ಪಾ” ಎನ್ನುತ್ತೇನೆ.

ನಿಮ್ಮ ಮನೆಯಲ್ಲಿ ಇಂಪ್ಲಾಂಟ್ ಹಾಕಿಸಿಕೊಂಡ ಹಿರಿಯರಿದ್ದರೆ, ನೋಯುತ್ತಿದೆಯೆ ಎಂದು ಕೇಳಿ ಸುಮ್ಮನಾಗಬೇಡಿ. ಇಂದು ರಾತ್ರಿಯೇ ದೀಪದ ಬೆಳಕಿನಲ್ಲಿ ಅವರ ವಸಡನ್ನೊಮ್ಮೆ ನೋಡಿ.