ಮ್ಯೂಸಿಯಂನ ಡೈನೋಸಾರ್ ಮೂಳೆಗಳೆಲ್ಲ ಪ್ಲಾಸ್ಟರ್‌ನವೇ? ಮೂಳೆ ಹುಡುಕಿದ ರೈತರ ಕಥೆ ಓದಿ

"ಡೈನೋಸಾರ್ ಇರಲೇ ಇಲ್ಲ, ಮ್ಯೂಸಿಯಂಗಳಲ್ಲಿ ಇರುವುದೆಲ್ಲ ಪ್ಲಾಸ್ಟರ್, ಅಸಲಿ ಮೂಳೆ ಯಾರಿಗೂ ತೋರಿಸುವುದಿಲ್ಲ." ಇಂಥ ಧಾಟಿಯ ಫಾರ್ವರ್ಡ್ ನಿಮಗೂ ಬಂದಿರಬಹುದು. ಕೆಲವದರ ಜೊತೆ ಬಿಳಿ ಗಂಟುಗಳ ಫೋಟೋ ಕೂಡ ಇರುತ್ತದೆ.

ಇದರಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಜನ ನಂಬುತ್ತಾರೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಪ್ರಸಿದ್ಧ 'ಡಿಪ್ಪಿ' ನಿಜಕ್ಕೂ ಪ್ಲಾಸ್ಟರ್ ಅಚ್ಚು. 1905ರಲ್ಲಿ ಅದನ್ನು ಅಲ್ಲಿಗೆ ಕೊಟ್ಟಾಗಲೇ ಎಲ್ಲರಿಗೂ ಅದು ಗೊತ್ತಿತ್ತು. ಅಸಲಿ ಮೂಳೆಗಳು ಅಮೆರಿಕದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮ್ಯೂಸಿಯಂನಲ್ಲಿವೆ. ಷಿಕಾಗೊದ 'ಸೂ' ಎಂಬ ಟಿ. ರೆಕ್ಸ್‌ನಲ್ಲಿ ಹೆಚ್ಚಿನವು ಅಸಲಿ ಮೂಳೆಗಳೇ. ತಲೆಬುರುಡೆ ಮಾತ್ರ ತುಂಬಾ ಭಾರ ಎಂದು ಬೇರೆ ಪೆಟ್ಟಿಗೆಯಲ್ಲಿಟ್ಟು, ಅಸ್ಥಿಪಂಜರದ ಮೇಲೆ ಅಚ್ಚನ್ನು ಕೂರಿಸಿದ್ದಾರೆ.

ಹಾಗಾದರೆ ಅಸಲಿ ಮೂಳೆ ಸಿಗುವುದು ಯಾರಿಗೆ? ಯಾವುದೋ ಗುಪ್ತ ಸಂಸ್ಥೆಗೆ ಎಂದುಕೊಂಡವರು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಒಳನಾಡಿನಲ್ಲಿರುವ ವಿಂಟನ್ ಎಂಬ ಸಣ್ಣ ಊರಿನ ಕಥೆ ಕೇಳಬೇಕು.

ಕುರಿ ಅಟ್ಟುವಾಗ ಸಿಕ್ಕ ತೊಡೆಮೂಳೆ

1999ರಲ್ಲಿ ಡೇವಿಡ್ ಎಲಿಯಟ್ ಎಂಬ ರೈತ ತನ್ನ ಜಮೀನಿನಲ್ಲಿ ಕುರಿಗಳನ್ನು ಒಟ್ಟುಮಾಡುತ್ತಿದ್ದಾಗ ಒಂದು ದೊಡ್ಡ ಮೂಳೆಯ ತುಂಡು ಕಂಡರು. ಅದು ಡೈನೋಸಾರ್‌ನ ತೊಡೆಮೂಳೆಯ ಭಾಗ. ಮುಂದೆ ಅವರೂ ಪತ್ನಿ ಜೂಡಿಯೂ ಸೇರಿ ಲಾಭದ ಉದ್ದೇಶವಿಲ್ಲದ 'ಆಸ್ಟ್ರೇಲಿಯನ್ ಏಜ್ ಆಫ್ ಡೈನೋಸಾರ್ಸ್' ಎಂಬ ಸಂಸ್ಥೆ ಕಟ್ಟಿದರು. ಇವತ್ತು ಅದು ಊರ ಹೊರಗಿನ ಗುಡ್ಡದ ಮೇಲೆ ದೊಡ್ಡ ಮ್ಯೂಸಿಯಂ ಆಗಿದೆ.

ಮೂಳೆ ನೆಲದ ಮೇಲೆ ಹೇಗೆ ಬಂತು? ಅಲ್ಲಿನದೂ ಕಪ್ಪು ಮಣ್ಣು. ನಮ್ಮ ವಿಜಯಪುರ, ಗದಗ ಕಡೆಯ ಎರೆಭೂಮಿ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ, ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಈ ಹೊರಳಾಟದಲ್ಲಿ ಕೆಳಗಿನ ಕಲ್ಲು, ಮೂಳೆ ನಿಧಾನಕ್ಕೆ ಮೇಲೇಳುತ್ತವೆ. (ಹಾಗಂತ ನಾಳೆಯೇ ಹೊಲ ಅಗೆಯಬೇಡಿ. ವಿಜಯಪುರದ ಕಪ್ಪು ಮಣ್ಣಿನ ಅಡಿ ಇರುವುದು ಹೆಚ್ಚಾಗಿ ಜ್ವಾಲಾಮುಖಿಯ ಲಾವಾ ಗಟ್ಟಿಯಾದ ಕಲ್ಲು. ವಿಂಟನ್‌ನಲ್ಲಿ ಇರುವುದು ಹಳೆಯ ನದಿ, ಕೆರೆಗಳ ಹೂಳು ಗಟ್ಟಿಯಾದ ಕಲ್ಲು. ಮೂಳೆ ಉಳಿಯುವುದು ಅಂಥ ಹೂಳಿನಲ್ಲಿ.)

ಈಗ ಆ ಬಿಳಿ ಗಂಟುಗಳ ವಿಷಯ. ಮೂಳೆ ಸಿಕ್ಕ ಕೂಡಲೇ ಎತ್ತಿದರೆ ಪುಡಿಯಾಗುತ್ತದೆ. ಅದಕ್ಕೆ ಸುತ್ತಲಿನ ಮಣ್ಣಿನ ಸಮೇತ ಪ್ಲಾಸ್ಟರ್‌ನಲ್ಲಿ ಅದ್ದಿದ ಬಟ್ಟೆ ಸುತ್ತುತ್ತಾರೆ, ಥೇಟ್ ಕೈ ಮುರಿದಾಗ ಆಸ್ಪತ್ರೆಯಲ್ಲಿ ಹಾಕುವ ಹಾಗೆ. ಫಾರ್ವರ್ಡ್‌ನಲ್ಲಿ 'ನಕಲಿ ಮೂಳೆ' ಎಂದು ತೋರಿಸುವ ಫೋಟೋ ಇಂಥದ್ದಾಗಿದ್ದರೆ, ಅಸಲಿ ಮೂಳೆ ಆ ಗಂಟಿನ ಒಳಗಿದೆ!

ಗಂಟು ಬಿಚ್ಚುವವರು ಬಹುಪಾಲು ಸ್ವಯಂಸೇವಕರು. ನಿವೃತ್ತರು, ಪ್ರವಾಸಕ್ಕೆ ಬಂದವರು, ಯಾರು ಬೇಕಾದರೂ ತರಬೇತಿ ಪಡೆದು ಲ್ಯಾಬಿನಲ್ಲಿ ಕೂರಬಹುದು. ಸಂಬಳ ಇಲ್ಲ, ಬದಲಿಗೆ ತಾವೇ ಶುಲ್ಕ ಕಟ್ಟಿ ಬರುತ್ತಾರೆ. ಗಾಳಿಯ ಒತ್ತಡದಲ್ಲಿ ಓಡುವ, ಪೆನ್ನಿನಷ್ಟು ಸಣ್ಣ ಉಳಿಯಿಂದ ಕಲ್ಲನ್ನು ಚೂರು ಚೂರೇ ಬಿಡಿಸುವ ಕೆಲಸ. ಎಲಿಯಟ್‌ಗೆ 2005ರಲ್ಲಿ ಸಿಕ್ಕ ಒಂದು ಅಸ್ಥಿಪಂಜರವನ್ನು ಹೀಗೆ ಬಿಡಿಸಲು ಸುಮಾರು ಹತ್ತು ವರ್ಷ ಹಿಡಿಯಿತು. 2016ರಲ್ಲಿ ವಿಜ್ಞಾನಿಗಳು ಅದಕ್ಕಿಟ್ಟ ಹೆಸರು ಸವನ್ನಸಾರಸ್ ಎಲಿಯಟೋರಮ್. ಎರಡನೇ ಪದ ಎಲಿಯಟ್ ಕುಟುಂಬದ್ದು. ಮೋಸ ಮಾಡಬೇಕೆಂದಿದ್ದರೆ ಊರೂರಿನ ಅಪರಿಚಿತರ ಕೈಗೆ ಮೂಳೆ, ಉಳಿ ಎರಡನ್ನೂ ಕೊಡುತ್ತಿದ್ದರೇ?

ಹೆಸರಿನ ಜಗಳ

ಅದೇ ರಾಜ್ಯದ ಎರೊಮಂಗದಲ್ಲೂ ಇಂಥದ್ದೇ ಕಥೆ. ಮ್ಯಾಕೆಂಜಿ ಎಂಬ ರೈತ ಕುಟುಂಬದ ಜಮೀನಿನಲ್ಲಿ ಮೊದಲ ಮೂಳೆ ಕಂಡವನು ಮನೆಯ ಹುಡುಗ. ತಾಯಿ ರಾಬಿನ್ ಮ್ಯಾಕೆಂಜಿ ಪಳೆಯುಳಿಕೆ ಕೆಲಸವನ್ನು ಕಲಿತು, ಊರವರ ಜೊತೆ ಮ್ಯೂಸಿಯಂ ಕಟ್ಟಿದರು. ಅಲ್ಲಿಯ 'ಕೂಪರ್'ಗೆ 2021ರಲ್ಲಿ ಆಸ್ಟ್ರಲೊಟೈಟನ್ ಎಂಬ ಹೆಸರು ಬಂತು. ಉದ್ದ 25ರಿಂದ 30 ಮೀಟರ್ ಎಂಬ ಅಂದಾಜು. ಆಸ್ಟ್ರೇಲಿಯಾದ ಅತಿ ದೊಡ್ಡ ಡೈನೋಸಾರ್ ಎಂದು ಸುದ್ದಿಯಾಯಿತು.

ನಂತರ ಬೇರೆ ವಿಜ್ಞಾನಿಗಳು ಮೂಳೆಗಳ ತ್ರಿಆಯಾಮ ಸ್ಕ್ಯಾನ್‌ಗಳನ್ನು ಹೋಲಿಸಿ, ಇದನ್ನು ಪ್ರತ್ಯೇಕ ಪ್ರಭೇದ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು ಬರೆದರು. ಊರವರಿಗೆ ಬೇಸರ ತರುವ ಮಾತೇ. ಆದರೆ ಗಮನಿಸಿ, ಜಗಳ ಹೆಸರಿನ ಬಗ್ಗೆ, ಮೂಳೆ ಅಸಲಿಯೋ ಅಲ್ಲವೋ ಎಂಬುದರ ಬಗ್ಗೆ ಅಲ್ಲ. ಎರಡೂ ಕಡೆಯವರ ಪ್ರಬಂಧಗಳು ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಮೂಳೆಗಳ ಚಿತ್ರ, ಅಳತೆ ಸಮೇತ.

ನೀವು ಯಾವುದೇ ಮ್ಯೂಸಿಯಂಗೆ ಹೋದಾಗ ಫಲಕದಲ್ಲಿ 'ಕಾಸ್ಟ್' ಅಥವಾ 'ರೆಪ್ಲಿಕಾ' ಎಂದಿದೆಯೇ ನೋಡಿ. ಇದ್ದರೆ ಅದು ಅಚ್ಚು. ಅಸಲಿ ಎಲ್ಲಿದೆ ಎಂದು ಅಲ್ಲಿನವರನ್ನು ಕೇಳಿ.