ಕಮಾಂಡ್ ಫೇಲಾದ್ರೆ ಸ್ಕ್ರಿಪ್ಟ್ ನಿಲ್ಲಲಿ

ಕೂಟಗಲ್ ಕಡೆಯ ರೇಷ್ಮೆಗೂಡು ರಾಮನಗರದ ಮಾರುಕಟ್ಟೆಗೆ ಬಂದು ರೀಲರ್‌ಗಳ ಕೈ ಸೇರುತ್ತೆ. ಮಲ್ಟಿ ಎಂಡ್ ಯಂತ್ರದಲ್ಲಿ ನೂಲಿನ ಗಂಟು ಸಿಕ್ಕಿಕೊಂಡರೆ ಆ ಒಂದು ರಾಟೆ ನಿಲ್ಲುತ್ತೆ. ಬಿಡಿಸಿ ಮತ್ತೆ ಓಡಿಸ್ತಾರೆ. ಸುತ್ತಿ ಮುಗಿದ ಮೇಲೆ ಕೆಟ್ಟ ನೂಲು ಹುಡುಕೋದು ಯಾರಿಗೆ ಬೇಕು?

ನಾವು ಬರೆಯೋ ಶೆಲ್ ಸ್ಕ್ರಿಪ್ಟ್‌ಗೆ ಆ ಬುದ್ಧಿ ಇಲ್ಲ. ಒಂದು ಕಮಾಂಡ್ ಫೇಲಾದ್ರೂ ಬ್ಯಾಷ್ ಮುಂದಿನ ಸಾಲಿಗೆ ಹೋಗುತ್ತೆ. 2015ರ ಜನವರಿಯಲ್ಲಿ ಲಿನಕ್ಸ್‌ನ ಸ್ಟೀಮ್‌ನಲ್ಲಿ ಬೆಳಕಿಗೆ ಬಂದಿದ್ದು ಇದೇ. ಫೋಲ್ಡರ್ ಹುಡುಕೋ 'ಸಿಡಿ' ಫೇಲಾಯ್ತು, ವೇರಿಯಬಲ್ ಖಾಲಿ ಉಳೀತು, ಮುಂದಿನ 'ಆರ್‌ಎಂ' ರೂಟ್‌ನಿಂದಲೇ ಅಳಿಸ್ತಾ ಹೋಯ್ತು. ಬಳಕೆದಾರರ ಸ್ವಂತ ಫೈಲ್‌ಗಳು ಹೋದವು.

ಮೇಲೆ 'ಸೆಟ್ ಮೈನಸ್ ಇ' ಹಾಕಿದ್ರೆ ಸಾಕು ಅನ್ನೋರಿದ್ದಾರೆ. ಸಾಕಾಗಲ್ಲ. 'ಇಫ್' ಷರತ್ತಿನಲ್ಲಿ ಕಮಾಂಡ್ ಫೇಲಾದ್ರೆ ಅದು ನಿಲ್ಲಿಸಲ್ಲ. ಪೈಪ್‌ನಲ್ಲಿ ಕೊನೆಯ ಕಮಾಂಡ್ ಮಾತ್ರ ನೋಡುತ್ತೆ. ಉಳಿದವು ಲೆಕ್ಕಕ್ಕೆ ಬರಬೇಕಂದ್ರೆ 'ಪೈಪ್‌ಫೇಲ್' ಬೇಕು. ಇನ್ನೊಂದು ಕಡೆ, 'ಗ್ರೆಪ್'ಗೆ ಪದ ಸಿಗದಿದ್ರೆ ಅದು 1 ಕೊಡುತ್ತೆ, ತಪ್ಪೇ ಇಲ್ಲದೆ ಸ್ಕ್ರಿಪ್ಟ್ ನಿಂತುಬಿಡುತ್ತೆ. ಹಾಗಾಗಿ ಅಪಾಯದ ಸಾಲನ್ನು ನಾವೇ ಕಾಯಬೇಕು: 'ಸಿಡಿ' ಆಗಲಿಲ್ಲ ಅಂದ್ರೆ ಕಾರಣವನ್ನು ಸ್ಟ್ಯಾಂಡರ್ಡ್ ಎರರ್‌ಗೆ ಬರೆದು 'ಎಕ್ಸಿಟ್ 1'. ಅರ್ಧಂಬರ್ಧ ಉಳಿದ ಟೆಂಪ್ ಫೈಲ್ ಅಳಿಸೋಕೆ 'ಟ್ರ್ಯಾಪ್' ಇದೆ.

ಲ್ಯಾಬ್‌ನಲ್ಲಿ ಔಟ್‌ಪುಟ್ ಬಂದ್ರೆ ರೆಕಾರ್ಡ್‌ಗೆ ಸೈನ್ ಬೀಳುತ್ತೆ. ಬರದಿದ್ದಾಗ ಸ್ಕ್ರಿಪ್ಟ್ ಏನು ಮಾಡುತ್ತೆ ಅಂತ ಯಾರೂ ಕೇಳಲ್ಲ. ಇಲ್ಲದ ಫೋಲ್ಡರ್‌ನ ಹೆಸರು ಕೊಟ್ಟು ಒಮ್ಮೆ ಓಡಿಸಿ ನೋಡಿ, ಆಮೇಲೆ ಸೈನ್ ಹಾಕಲಿ. ಅದಕ್ಕೆ ಎರಡು ಮಾರ್ಕ್ಸ್ ಇಟ್ಟರೆ ಸಾಕು, ನಾವೆಲ್ಲ ಕಲಿತೇ ಕಲೀತೀವಿ.